ಗುರುಪಾದನ ಪಾಲಿನ ಮಣ್ಣು

ಗುರುಪಾದ ನಳದ ಕೆಳಗೆ ಕಾಲು ಚಾಚುವುದಕ್ಕೂ ಸುಂದ್ರವ್ವ ಒಳಗಿನಿಂದ ಬಂದು ಅದನ್ನು ತಿರುವಿ ಬಂದ್ ಮಾಡುವುದಕ್ಕೂ ಸರಿಹೋಯಿತು. ಎರಡು ಹನಿ ಅವನ ಹೆಬ್ಬೆರಳ ಮೇಲೆ ಬಿದ್ದವು, ಅಷ್ಟೇ.

“ಈ ನೀರ ನಿನಗಲ್ಲ,” ಅಂದಳು.

ಅವನು ಕಾಲು ಹಿಂದಕ್ಕೆಳೆದುಕೊಂಡ. ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲದಿಂದ ಚೆಂಡುಹೂವಿನ ಹಾರದ ತುದಿ ಇಣುಕುತ್ತಿತ್ತು. “ವೈನಿ,” ಎಂದು ಅತ್ತಿಗೆಯನ್ನು ಕರೆದ.

ಒಳಗೆ ಪೆಟ್ಟಿಗೆಯಲ್ಲಿ ಸುಂದ್ರವ್ವನ ಗಂಡ ಸಾಯಬಣ್ಣ ಮಲಗಿದ್ದ. ನಿನ್ನೆ ಮಧ್ಯಾಹ್ನ ರೊಟ್ಟಿ, ಬದನೆಕಾಯಿ ಪಲ್ಯ ಉಂಡು ಗೋಡೆಗೆ ಒರಗಿ ಕುಳಿತವನು ಹಾಗೆಯೇ ಹೋಗಿಬಿಟ್ಟಿದ್ದ. ಜೋಗೇಶ್ವರಿ ಗುಡ್ಡದ ಈ ಓಣಿಗೆ ನೀರು ತಂದ ಪ್ಲಂಬರ್ ಅವನೇ. ಬೆಳಗಿನಿಂದ ಬಂದವರೆಲ್ಲ ಅವನು ಕೂರಿಸಿದ ನಳದಲ್ಲೇ ಕೈಕಾಲು ತೊಳೆದುಕೊಂಡು ಅವನ ಮುಖ ನೋಡಿ ಹೋಗುತ್ತಿದ್ದರು. ತೊಳೆಯಲಾಗದೆ ನಿಂತವನು ಒಬ್ಬನೇ, ಅವನ ಒಡಹುಟ್ಟಿದ ತಮ್ಮ. ಅಜ್ಜನ ಕಾಲಕ್ಕೆ ಮನೆತನ ಕ್ರೈಸ್ತ ಮತಕ್ಕೆ ಸೇರಿದರೂ ಹೆಸರುಗಳು ಮಾತ್ರ ಯಾದಗಿರಿ ಸೀಮೆಯವೇ ಉಳಿದಿದ್ದವು.

ಮುಂಬೈಯಲ್ಲಿ ಮನಸಾರೆ ಜಗಳವಾಡುವುದಕ್ಕೂ ಜಾಗ ಬೇಕು. ಆ ಓಣಿಯಲ್ಲಿ ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಅಂಟಬೇಕು. ಗುರುಪಾದ ಗೋಡೆಗೆ ಅಂಟಿದ. ಆಮೇಲೆ ಎದುರುಮನೆಯ ಬಾಗಿಲಲ್ಲಿ ಬೋರಲು ಹಾಕಿದ್ದ ಡ್ರಮ್ಮಿನ ಮೇಲೆ ಹೋಗಿ ಕುಳಿತ. ಅರವತ್ತು ದಾಟಿದ ಮನುಷ್ಯ, ಬೆನ್ನು ಬಾಗಿತ್ತು. ಸುಂದ್ರವ್ವನಿಗೆ ಕನಿಕರ ಹುಟ್ಟಲಿಲ್ಲ. ಇನ್ನೂ ಸ್ವಲ್ಪ ಬಾಗಬೇಕಿತ್ತು ಅನ್ನಿಸಿತು.

“ಅವಗ ಯಾರ್ ಹೇಳಿದ್ರು?” ಒಳಗೆ ಬಂದವಳೇ ಕೇಳಿದಳು.

“ನಾನು,” ಅಂದಳು ಮಗಳು ನಮಿತಾ. “ಅಪ್ಪಾನೇ ಹೇಳಿದ್ರು ಅವ್ವಾ. ನನ್ನ ಮಣ್ಣಿಗೆ ಕಾಕಾಗ ಫೋನ್ ಮಾಡು ಅಂತ. ಪಹಿಲೇ ಸೇ ಬೋಲಾ ಥಾ.”

“ನಿಮ್ಮಪ್ಪಗೇನು, ಹೇಳಿ ಹೋದ. ಅವನ ಮಾರಿ ನೋಡಾಕಿ ನಾನು.”

ನೆರೆಮನೆಯ ಹಜರತಬಿ ಪಕ್ಕಕ್ಕೆ ಸರಿದು ಬಂದಳು. ಮೂವತ್ತು ವರ್ಷದ ನೆರೆ, ಕಲಬುರ್ಗಿ ಕಡೆಯವಳು. “ಸುಂದ್ರಕ್ಕಾ, ಮಯ್ಯತ್ ಕೆ ಘರ್ ಮೆಂ ಪಾನಿ ಕು ನಕ್ಕೋ ಬೋಲ್ತೆ ಕ್ಯಾ? ಸತ್ತ ಮನ್ಯಾಗ ನೀರಿಗಿ ಬ್ಯಾಡ ಅಂತಾರೇನು? ನಾ ಒಂದ್ ಗ್ಲಾಸ್ ಕೊಟ್ಟ ಬರ್ತೀನಿ.”

“ನಿಮ್ಮ ನೀರ ನೀವು ಕೊಡ್ರಿ. ನನ್ನ ಗಂಡ ತಂದ ನೀರ ಬ್ಯಾಡ.”

ಹಜರತಬಿ ಯೋಚನೆಗೆ ಬಿದ್ದಳು. ಓಣಿಯ ಇಪ್ಪತ್ತೆರಡು ಮನೆಗೂ ಬರುವುದು ಒಂದೇ ಪೈಪಿನ ನೀರು, ಸಾಯಬಣ್ಣ ಅಗೆದು ತಂದದ್ದು. ಅದಲ್ಲದ ನೀರು ಬೇಕೆಂದರೆ ಅಂಗಡಿಗೇ ಹೋಗಬೇಕು. ಹೋದಳು. ಸೀಲು ಒಡೆಯದ ಒಂದು ಬಾಟಲಿ ತಂದು ಗುರುಪಾದನ ಪಕ್ಕದಲ್ಲಿಟ್ಟು ಬಂದಳು. ಅವನು ಅದನ್ನು ಮುಟ್ಟಲಿಲ್ಲ.

ಸುಂದ್ರವ್ವ ಮಗನನ್ನು ಮೂಲೆಗೆ ಕರೆದಳು. ಅಮಿತ ಮೂವತ್ತಮೂರರ ಆಳು, ಏಸಿ ರಿಪೇರಿ ಮಾಡುವವನು. ಕನ್ನಡ ಅವನಿಗೆ ಅರ್ಥವಾಗುವಷ್ಟು ಆಡಲು ಬರುವುದಿಲ್ಲ.

“ಕೇಳಿಲ್ಲಿ. ಅಂವ ಸಿಮೆಟ್ರಿ ತನಕ ಬರಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಅವನ ಕೈಲಿಂದ ಒಂದ್ ಹಿಡಿ ಮಣ್ಣ ನಿಮ್ಮಪ್ಪನ ಮ್ಯಾಲೆ ಬೀಳಬಾರದು. ಎಲ್ಲಾರ ಮುಂದ ಅವನ ಕೈ ಹಿಡದು ನಿಲ್ಲಸಬೇಕು ನೀ.”

“ಅವ್ವಾ, ಛೋಡ್ ನಾ. ಆಜ್ ಕೆ ದಿನ್…”

“ಇವತ್ತ ಬಿಟ್ರ ಮತ್ತ್ಯಾವತ್ತು? ನಿಮ್ಮಪ್ಪ ಎರಡ ಸಲ ಸಾಯ್ತಾನೇನು?”

ಆ ಸೀಮೆಯವರು ಸಾವಿನ ಮನೆಗೆ ಹೋಗುವುದನ್ನು ಮಣ್ಣಿಗೆ ಹೋಗುವುದು ಅನ್ನುತ್ತಾರೆ. ಎಷ್ಟು ದೂರದಿಂದ ಬಂದರೂ, ಎಷ್ಟು ಅತ್ತರೂ, ಕುಣಿಗೆ ಒಂದು ಹಿಡಿ ಮಣ್ಣು ಹಾಕದಿದ್ದರೆ ಬಂದಂತಲ್ಲ. ಹಾಕಗೊಡದಿದ್ದರೆ ನೀನು ನಮ್ಮವನಲ್ಲ ಎಂದು ನಾಲ್ಕು ಜನರೆದುರು ಹೇಳಿದಂತೆ. ಸುಂದ್ರವ್ವನಿಗೆ ಬೇಕಾದದ್ದು ಅದೇ. ಮೂವತ್ತಾರು ವರ್ಷ ಕಾದಿದ್ದಳು.

*

ಮದುವೆಯಾಗಿ ಬಂದಾಗ ಅವಳ ಮನೆ ದಾದರಿನ ಒಂದು ಚಾಳಿನ ಜಿನೆಯ ಮೆಟ್ಟಿಲುಗಳ ಕೆಳಗಿನ ಕೋಣೆ. ಸಾಯಬಣ್ಣ ಆ ಚಾಳಿನ ನೀರಿನ ಪಂಪು ನೋಡಿಕೊಳ್ಳುತ್ತಿದ್ದ. ಎರಡನೇ ವರ್ಷ ಮೈದುನ ಗುರುಪಾದ ಊರಿಂದ ಬಂದ. ಜಿನೆಯ ಕೆಳಗೆ ಮೂವರು. ಇದ್ದ ರೊಟ್ಟಿಯಲ್ಲಿ ಮೊದಲಿನದು ಅವನಿಗೆ. ಕಾಮಾಲೆಯಾದಾಗ ಹದಿನೈದು ದಿನ ಅವನಿಗೆ ಗಂಜಿ ಕುಡಿಸಿದವಳು ಅವಳೇ.

ಸಾಯಬಣ್ಣ ಅವನಿಗೆ ಪೈಪು ಬಿಗಿಯುವ ಪಾನಾ ಹಿಡಿಯುವುದನ್ನು ಕಲಿಸಿದ. “ಕೈಗಿ ಬಿಗಿ ಹತ್ತಿತು ಅಂದ್ರ ನಿಲ್ಲಸು. ಶಕ್ತಿ ಅದ ಅಂತ ಮತ್ತೊಂದ ಸುತ್ತ ಹಾಕಿದಿ, ಸಾಕೆಟ್ ಸೀಳತದ.” ಗುರುಪಾದ ಬೇಗ ಕಲಿತ, ಆ ಒಂದು ಮಾತನ್ನು ಬಿಟ್ಟು.

ಅತ್ತೆಯ ಕಾಯಿಲೆ ಜೋರಾಗಿ ಗಂಡಹೆಂಡತಿ ಊರಿಗೆ ಹೋಗಿ ಒಂದು ತಿಂಗಳಿಗೆ ಮರಳಿದರು. ಪಂಪಿನ ಚಾವಿ ಗುರುಪಾದನ ಸೊಂಟದಲ್ಲಿತ್ತು. ಅಣ್ಣ ಇನ್ನು ಊರಲ್ಲೇ ಉಳಿಯುತ್ತಾನೆಂದು ಚಾಳಿನ ಕಮಿಟಿಗೆ ಹೇಳಿ ಕೆಲಸವನ್ನೂ ಕೋಣೆಯನ್ನೂ ತನ್ನದು ಮಾಡಿಕೊಂಡಿದ್ದ. ಕಮಿಟಿಯ ಮುದುಕರು ಒಳ್ಳೆಯವರು, ಒಂದು ಮಾತು ಹೇಳು, ಇವನನ್ನು ಹೊರಗೆ ಹಾಕುತ್ತೇವೆ ಅಂದರು. ಸಾಯಬಣ್ಣ ಆ ಒಂದು ಮಾತು ಹೇಳಲಿಲ್ಲ. ಪಾನಾ ಚೀಲಕ್ಕೆ ಹಾಕಿಕೊಂಡ.

ಘಾಟ್ಕೋಪರಕ್ಕೆ ಹೋಗುವ ಲೋಕಲಿನಲ್ಲಿ ಅವನು ಹೇಳಿದ: “ಬೈಬಲ್‌ದಾಗ ಇಸಾಕನ ಮೊದಲನೇ ಬಾವಿ ಹಿಂಗೇ ಹೋಯ್ತು. ನೀರ ನಮ್ದು ಅಂತ ಮಂದಿ ಜಗಳಕ್ಕ ಬಂದ್ರು. ಅದಕ್ಕ ಏಸೆಕ್ ಅಂತ ಹೆಸರಿಟ್ಟು, ಬಿಟ್ಟು, ಮುಂದ ಹೋಗಿ ಮತ್ತೊಂದ ಅಗದ.”

“ಹೆಸರಿಡಾಕ ನಮಗ ಬಾವಿರೆ ಎಲ್ಲದ?” ಅಂದಿದ್ದಳು ಸುಂದ್ರವ್ವ. ಆಗ ಅವಳಿಗಿನ್ನೂ ನಗು ಬರುತ್ತಿತ್ತು.

*

ಘಾಟ್ಕೋಪರದಲ್ಲಿ ಅವರಿಗೆ ಸಿಕ್ಕಿದ್ದು ಗುಡ್ಡದ ನೆತ್ತಿಯ ತಗಡಿನ ಪತ್ರಾಸಿನ ಮನೆ. ನೀರು ಕೆಳಗಿನ ರಸ್ತೆಯಲ್ಲಿ. ಸಾಯಬಣ್ಣ ಮಂದಿಯನ್ನು ಒಪ್ಪಿಸಿ ರಸ್ತೆಯಿಂದ ಮೇಲಕ್ಕೆ ಪೈಪು ಹಾಕಲು ತಗ್ಗು ಅಗೆಯತೊಡಗಿದ. ಕರಿಕಲ್ಲಿನ ಗುಡ್ಡ, ಗುದ್ದಲಿ ಬಿದ್ದಲ್ಲಿ ಮಣ್ಣಿಗಿಂತ ಕಿಡಿಯೇ ಹೆಚ್ಚು. ಬೇರೆ ಕಡೆ ದುಡಿದು ಬಂದು ಸಂಜೆಗೆ ಅಗೆಯುತ್ತಿದ್ದ. ಎರಡೂವರೆ ತಿಂಗಳು. ಆರು ತಿಂಗಳು ತುಂಬುವ ತನಕವೂ ಬಸುರಿ ಸುಂದ್ರವ್ವ ಕಬ್ಬಿಣದ ಗಮೇಲಾದಲ್ಲಿ ಮಣ್ಣು ಹೊತ್ತು ಪಕ್ಕಕ್ಕೆ ಸುರಿಯುತ್ತಿದ್ದಳು.

ಅಷ್ಟರೊಳಗೆ ಗುರುಪಾದ ಒಬ್ಬ ಪೈಪಿನ ಗುತ್ತಿಗೆದಾರನ ಬಳಿ ಆಳುಗಳನ್ನು ನೋಡಿಕೊಳ್ಳುವ ಮುಕಾದಮನಾಗಿದ್ದ. ಆ ಗುಡ್ಡದ ನೀರಿನ ಕೆಲಸ ತಮ್ಮದೇ ಎಂದು ಎರಡು ಸಲ ಬಂದು ಹೇಳಿ ಹೋದ. ಮೂರನೇ ಸಲ ಹೇಳುವ ತೊಂದರೆ ತೆಗೆದುಕೊಳ್ಳಲಿಲ್ಲ. ಒಂದು ರವಿವಾರ ಗಂಡಹೆಂಡತಿ ಚರ್ಚಿನಿಂದ ಬರುವಷ್ಟರಲ್ಲಿ ಆಳು ಹಚ್ಚಿ, ತಾನೂ ಒಂದು ಸಲಿಕೆ ಹಿಡಿದು, ತಗ್ಗನ್ನು ಪೂರ್ತಿ ಮುಚ್ಚಿಬಿಟ್ಟಿದ್ದ. ಸುಂದ್ರವ್ವ ಕಂಡದ್ದು ಕೊನೆಯ ಭಾಗ: ಮುಚ್ಚಿದ ಮಣ್ಣನ್ನು ಗುರುಪಾದ ಸಲಿಕೆಯ ಬೆನ್ನಿನಿಂದ ಪಟ್ ಪಟ್ ಎಂದು ಬಡಿದು ಸಮ ಮಾಡುತ್ತಿದ್ದ. ಅವಳನ್ನು ನೋಡಿದ ಮೇಲೂ ಎರಡು ಸಲ ಬಡಿದ.

ಮತ್ತೆ ಎರಡು ತಿಂಗಳು ಅವಳು ಕೆಳಗಿನಿಂದ ಕೊಡ ಹೊತ್ತಳು. ಒಂದು ಬೆಳಿಗ್ಗೆ ಅರ್ಧ ದಾರಿಯಲ್ಲಿ ಕೊಡದೊಂದಿಗೆ ಬಿದ್ದಳು. ಕೂಸು ಹೊಟ್ಟೆಯಲ್ಲೇ ಹೋಯಿತು. ಹೆಣ್ಣು. ಸಾಯಬಣ್ಣ ಅದನ್ನು ತನ್ನ ಅಂಗಿಯಲ್ಲಿ ಸುತ್ತಿಕೊಂಡು ಹೋಗಿ ಒಬ್ಬನೇ ಮಣ್ಣು ಕೊಟ್ಟು ಬಂದ. ಗುರುಪಾದನಿಗೂ ಸುದ್ದಿ ಹೋಗಿತ್ತು. ಬರಲಿಲ್ಲ.

ಇಸಾಕನ ಎರಡನೇ ಬಾವಿಯ ಹೆಸರು ಸಿಟ್ನಾ, ಅಂದರೆ ಹಗೆ. ಈ ಸಲ ಸಾಯಬಣ್ಣ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಸುಂದ್ರವ್ವನೇ ಹೇಳಿದಳು. ಅವನು ಅಲ್ಲಿಂದ ಗಂಟುಮೂಟೆ ಕಟ್ಟಿ ಜೋಗೇಶ್ವರಿಗೆ ಬಂದ. ಅವಳ ಮೈ ಮಾತ್ರ ಅವನ ಹಿಂದೆ ಬಂತು.

*

ಓಣಿಯಲ್ಲಿ ಪೆಟ್ಟಿಗೆಯನ್ನು ಎರಡು ಸ್ಟೂಲಿನ ಮೇಲೆ ಇಳಿಸಿ ಪ್ರಾರ್ಥನೆ ಶುರುಮಾಡಿದರು. ಪಾಸ್ಟರ್ ಹೊಸಬ, ಬೀದರದಿಂದ ಬಂದು ಇನ್ನೂ ವರ್ಷವಾಗಿರಲಿಲ್ಲ. ಬಾಗಿಲ ಮೇಲೆ ಸಾಯಬಣ್ಣ ಪೈಪಿಗೆ ಬಳಿಯುವ ಬಣ್ಣದಲ್ಲಿ ಬರೆದಿದ್ದ ಹೆಸರನ್ನು ಕಂಡು ಪ್ರಸಂಗವನ್ನು ಅಲ್ಲಿಂದಲೇ ಎತ್ತಿಕೊಂಡ. ರೆಹೋಬೋತ್. ಯಾರೂ ಜಗಳಕ್ಕೆ ಬಾರದ ಮೂರನೇ ಬಾವಿಗೆ ಇಸಾಕ ಇಟ್ಟ ಹೆಸರು. ಅರ್ಥ ಕೇಳಿದವರಿಗೆ ಸಾಯಬಣ್ಣ “ಜಾಗಾ” ಅನ್ನುತ್ತಿದ್ದ. ಹತ್ತು ಅಡಿಗೆ ಹನ್ನೆರಡು ಅಡಿ ಜಾಗಾ.

“ನಮ್ಮ ಸಾಯಬಣ್ಣನವರು ಇಸಾಕನಂತೆ ಬಾಳಿದರು,” ಅಂದ ಪಾಸ್ಟರ್. “ಕಿತ್ತುಕೊಂಡವರೊಂದಿಗೆ ಕಾದಾಡಲಿಲ್ಲ. ಮುಂದೆ ಹೋದರು, ಮತ್ತೆ ಅಗೆದರು. ಅವರು ಅಗೆದಲ್ಲಿ ದೇವರು ನೀರು ಕೊಟ್ಟ.”

ಮಂದಿ ತಲೆದೂಗಿದರು. ಸುಂದ್ರವ್ವನ ಮೈ ಉರಿಯಿತು. ಇಸಾಕನದು ಆಯಿತಪ್ಪ, ಅವನ ಹೆಂಡತಿಯನ್ನು ಯಾರಾದರೂ ಕೇಳಿದರೇ? ಆ ರೆಬೆಕ್ಕ ಪಾಪ, ಮದುವೆಗೆ ಮೊದಲೇ ಹತ್ತು ಒಂಟೆಗೆ ನೀರು ಸೇದಿ ಹೊಯ್ದವಳು. ಗಂಡ ಒಂದೊಂದು ಬಾವಿ ಬಿಟ್ಟು ಮುಂದೆ ಹೊರಟಾಗ ಖಾಲಿ ಕೊಡ ಯಾರ ತಲೆಯ ಮೇಲಿತ್ತು? ಪ್ರಸಂಗ ಹೇಳುವವರಿಗೆ ಕೊಡದ ತೂಕ ಗೊತ್ತಿರುವುದಿಲ್ಲ. ಗಂಡನ ಮೇಲೂ ಸಿಟ್ಟು ಬಂತು. ಒಳ್ಳೆಯವನಾಗುವ ಕೆಲಸವನ್ನೆಲ್ಲ ತಾನೇ ಇಟ್ಟುಕೊಂಡು, ಹಗೆ ಕಾಯುವ ಕೆಲಸವನ್ನು ಅವಳೊಬ್ಬಳಿಗೇ ಬಿಟ್ಟು ಹೋದ.

ಡ್ರಮ್ಮಿನ ಮೇಲಿಂದ ಎದ್ದು ನಿಂತಿದ್ದ ಗುರುಪಾದ ಬಾಗಿಲ ಮೇಲಿನ ಹೆಸರನ್ನೇ ನೋಡುತ್ತಿದ್ದ. ಅವನ ತುಟಿ ಒಣಗಿ ಬಿರಿದಿದ್ದವು. ಬಾಟಲಿಯ ಸೀಲು ಹಾಗೆಯೇ ಇತ್ತು.

*

ಅವನು ಈ ಬಾಗಿಲಿಗೆ ಬಂದದ್ದು ಇದೇ ಮೊದಲಲ್ಲ. ಎರಡು ವರ್ಷದ ಹಿಂದೆ ಒಮ್ಮೆ ಬಂದಿದ್ದ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳು ಬೇರೆಯಾಗಿದ್ದರು. ಸುಂದ್ರವ್ವ ಒಲೆಯ ಮುಂದಿನಿಂದ ಏಳಲಿಲ್ಲ. ಸಾಯಬಣ್ಣ ಹೊಸ್ತಿಲಲ್ಲಿ ನಿಂತು ತಮ್ಮನನ್ನು ದಿಟ್ಟಿಸಿದ. ಬಾ ಒಳಗೆ ಅನ್ನುತ್ತಾನೆ, ಹಾಗೆ ಅಂದರೆ ಈ ಮನೆಯಲ್ಲಿ ನಾನು ಇರುವುದಿಲ್ಲ ಎಂದು ಅವಳು ಹಲ್ಲು ಕಚ್ಚಿ ಕುಳಿತಿದ್ದಳು.

“ನನ್ನ ಹಗೆ ಮಾಡಿ ಹೊರಗ ಹಾಕಿದಾಂವ, ಈಗ್ಯಾಕ ಬಂದಿ?” ಅಂದ ಸಾಯಬಣ್ಣ. ದನಿ ಏರಿರಲಿಲ್ಲ, ಇಳಿದೂ ಇರಲಿಲ್ಲ.

ಗುರುಪಾದ, ಹಿಂಗೇ ಬಂದೆ ಅಂದ. ಮಾತಾಡಿಸಿ ಹೋಗೋಣ ಅಂತ ಅಂದ. ಕಾಲ ಹಂಗಿತ್ತು, ಮೇಲಿನವರ ಮಾತು ಕೇಳಬೇಕಾಗಿತ್ತು ಅಂದ. ಸಾಯಬಣ್ಣ ಅಲುಗದೆ ನಿಂತಿದ್ದ. ಕೊನೆಗೆ ಗುರುಪಾದ ಬಂದ ದಾರಿ ಹಿಡಿದ.

ಸುಂದ್ರವ್ವನಿಗೆ ಅವತ್ತು ಹಬ್ಬ. “ಭೇಷ್ ಮಾಡಿದ್ರಿ. ಇಸಾಕನ್ನ ಕಡೀಕಿ ಬಿಟ್ರಿ ನೋಡ್ರಿ.”

“ಇಸಾಕ ಬಾಯಿ ಮುಚಗೊಂಡಿದ್ದ ಅಂತ ತಿಳದೀಯೇನು?” ಅಂದ ಸಾಯಬಣ್ಣ. “ಹೊರಗ ಹಾಕಿದವ್ರು ತಾವಾಗೇ ಬಂದಾಗ ಅಂವಾನೂ ಇದನ್ನೇ ಕೇಳಿದ. ಕೇಳಿದ ಮ್ಯಾಲೇ ಊಟಕ್ಕ ಹಾಕಿದ. ಕೇಳದ ಹಾಕಿದ್ರ ಅದು ಹೆದರಿಕಿ.” ಒಂದು ತಾಟು ತೆಗೆದು ಎರಡು ರೊಟ್ಟಿ ಹಾಕಿ ಮುಚ್ಚಿಟ್ಟ. “ಉತ್ತರ ಸಿಕ್ಕಾಗ ಬರ್ತಾನ.”

ಆ ರೊಟ್ಟಿಗಳನ್ನು ಸುಂದ್ರವ್ವ ಮರುದಿನ ಓಣಿಯ ಒಂದು ಆಡಿಗೆ ಹಾಕಿದಳು.

*

ಸಿಮೆಟ್ರಿಯಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಗೋಡೆಯಾಚೆ ರಿಕ್ಷಾಗಳ ಗದ್ದಲ. ಪೆಟ್ಟಿಗೆ ಇಳಿಯಿತು. ಪಾಸ್ಟರ್ ಮೊದಲ ಹಿಡಿ ಹಾಕಿದ, ಆಮೇಲೆ ಸುಂದ್ರವ್ವ, ಅಮಿತ, ನಮಿತಾ. ಹಜರತಬಿ ಸೆರಗು ತಲೆಗೆಳೆದುಕೊಂಡು ಹಾಕಿದಳು. ಓಣಿಯವರು ಸಾಲಾಗಿ ಬಂದರು. ಎಲ್ಲರಿಗಿಂತ ಹಿಂದೆ ಗುರುಪಾದ. ಅವನು ಬಗ್ಗಿ ಮಣ್ಣು ಹಿಡಿದು ಕುಣಿಯ ಅಂಚಿಗೆ ಬಂದಾಗ ಅಮಿತ ಅಡ್ಡ ಬಂದು ಮಣಿಕಟ್ಟು ಹಿಡಿದ.

“ಕಾಕಾ, ಆಪ್ ನಹೀಂ. ಅವ್ವಾ ಬ್ಯಾಡ ಅಂದಾಳ.”

ಎಲ್ಲರೂ ತಿರುಗಿ ನೋಡಿದರು. ಗುರುಪಾದನ ಮುಷ್ಟಿ ಸಡಿಲಾಯಿತು. ಮಣ್ಣು ಅವನ ಕಾಲ ಬಳಿಯೇ ಉದುರಿತು.

ಸುಂದ್ರವ್ವನ ಎದೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಬೇಕು, ಬಹಳ ಹಿತವಾಯಿತು. ಆ ಹಿತ ಇನ್ನೂ ಸ್ವಲ್ಪ ಹೊತ್ತು ಇರಲಿ ಎಂದು ಅವಳು ಅವನನ್ನೇ ನೋಡುತ್ತ ನಿಂತಳು. ಅವನು ತಿರುಗಿ ಹೋಗಬೇಕಿತ್ತು. ಹೋದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಹೋಗಲಿಲ್ಲ. ಖಾಲಿ ಕೈ ಚಾಚಿದಂತೆಯೇ ಇತ್ತು.

“ಯಾಕ ಬಂದಿ?” ಅಂದಳು. ಕೇಳಬೇಕೆಂದು ಕೇಳಿದ್ದಲ್ಲ. ಗಂಡನ ಮಾತು ಅವಳ ಬಾಯಿಂದ ಬಂದುಬಿಟ್ಟಿತು.

ಗುರುಪಾದ ಕುಣಿಯೊಳಗೆ ನೋಡಿದ. “ಕೂಸಿನ ಮಣ್ಣಿಗಿ ಬರಲಿಲ್ಲ, ವೈನಿ.”

ಅಮಿತ, ನಮಿತಾ ತಾಯಿಯ ಮುಖ ನೋಡಿದರು. ಆ ಕೂಸಿನ ಮಾತು ಮನೆಯಲ್ಲಿ ಎಂದೂ ಬಂದಿರಲಿಲ್ಲ.

“ಗೇಟಿನ ತನಕ ಬಂದಿದ್ದೆ. ಒಳಗ ಅಣ್ಣ ಒಬ್ಬನೇ ಕುಂತಿದ್ದ. ಆ ತಗ್ಗಿಗಿ ಮಣ್ಣ ಹಾಕಿದ ಕೈ ಇದು. ಈ ಕೈಲೇ ಕೂಸಿಗಿ ಹ್ಯಾಂಗ ಹಾಕ್ಲಿ ಅಂತ ಹಿಂದ ಹೋದೆ. ಮ್ಯಾಲಿನವ್ರು ಯಾರೂ ಹೇಳಿದ್ದಿಲ್ಲ, ನಾನೇ ಮುಚ್ಚಿದ್ದು. ಅಣ್ಣ ಕೇಳಿದಾಗ ಇದನ್ನ ಹೇಳಾಕ ಬಾಯಿ ಬರಲಿಲ್ಲ. ಈಗ ಹೇಳತೀನಿ ಅಂದ್ರ ಅಂವ ಇಲ್ಲ.”

ಸುಂದ್ರವ್ವ ಕುಣಿ ತೋಡಿದ ಆಳಿನ ಕೈಯಿಂದ ಸಲಿಕೆ ಕಿತ್ತುಕೊಂಡಳು. ಹೊಡೆದೇಬಿಡುತ್ತಾಳೆಂದು ಹಜರತಬಿ ಒಂದು ಹೆಜ್ಜೆ ಮುಂದೆ ಬಂದಳು. ಸುಂದ್ರವ್ವ ಅದರ ಹಿಡಿಯನ್ನು ಗುರುಪಾದನ ಎದೆಗೆ ಒತ್ತಿದಳು.

“ಒಂದ್ ಹಿಡಿ ನಿನಗ ಸಾಲೂದಿಲ್ಲ. ಆವತ್ತ ಆಳ ಹಚ್ಚಿ ಮುಚ್ಚಿದಿ. ಇದನ್ನ ಒಬ್ಬನೇ ಮುಚ್ಚು.”

“ಮೌಸಿ, ಹಮ್ ಕರ್ತೇ ಹೈಂ ನಾ,” ಅಂದ ಕುಣಿಯ ಆಳು.

“ನೀವು ಕುಂದರ್ರಿ. ಅಮಿತ್, ನೀನೂ ಹಿಂದ ಸರಿ.”

ಗುರುಪಾದ ಹಾರದ ಚೀಲವನ್ನು ಪಕ್ಕಕ್ಕಿಟ್ಟು ಸಲಿಕೆ ಎತ್ತಿದ. ಮೊದಲ ಮಣ್ಣು ಪೆಟ್ಟಿಗೆಯ ಮೇಲೆ ಬಿದ್ದು ಸದ್ದಾಯಿತು. ಪಾಸ್ಟರ್ ಹಾಡು ಎತ್ತಿದ. ಐದು ಚರಣದ ಹಾಡು ಮುಗಿದಾಗ ಕುಣಿ ಕಾಲು ಭಾಗವೂ ತುಂಬಿರಲಿಲ್ಲ. ಮತ್ತೊಂದು ಹಾಡಾಯಿತು. ಓಣಿಯವರಲ್ಲಿ ಕೆಲವರು ಕೆಲಸಕ್ಕೆ ಹೊತ್ತಾಯಿತೆಂದು ಹೊರಟರು, ಕೆಲವರು ನೆರಳಿಗೆ ಸರಿದರು. ಗುರುಪಾದನ ಅಂಗಿ ಬೆನ್ನಿಗೆ ಅಂಟಿತು. ಎರಡು ಸಲ ಸಲಿಕೆಗೆ ಒರಗಿ ನಿಂತ, ಕೆಮ್ಮಿದ, ಮತ್ತೆ ಹಾಕಿದ. ನಮಿತಾ “ಅವ್ವಾ, ಬಸ್” ಅಂದಳು. ಸುಂದ್ರವ್ವ ಬಿಸಿಲಲ್ಲೇ ನಿಂತಿದ್ದಳು, ಒಂದು ಸಲಿಕೆಯನ್ನೂ ತಪ್ಪಿಸದೆ ನೋಡುತ್ತ. ಪ್ರತಿಯೊಂದು ಸಲಿಕೆಯೂ ತನಗೆ ಬರಬೇಕಾದದ್ದು ಅನ್ನಿಸುತ್ತಿತ್ತು.

ಕೊನೆಗೆ ಮಣ್ಣು ನೆಲಕ್ಕಿಂತ ಒಂದು ಗೇಣು ಮೇಲೆ ಬಂತು. ಗುರುಪಾದ ಸಮ ಮಾಡಲೆಂದು ಸಲಿಕೆಯನ್ನು ತಿರುವಿ ಬೆನ್ನು ಕೆಳಗೆ ಮಾಡಿ ಮೇಲೆತ್ತಿದ.

“ಬಡೀಬ್ಯಾಡ,” ಅಂದಳು ಸುಂದ್ರವ್ವ. “ಕೈಲೇ ಸವರು.”

ಅವನು ಸಲಿಕೆ ಇಳಿಸಿ ಮಂಡಿಯೂರಿದ. ಎರಡೂ ಅಂಗೈಯಿಂದ ತಲೆಯ ಕಡೆಯಿಂದ ಕಾಲಿನ ಕಡೆಗೆ ನಿಧಾನವಾಗಿ ಸವರಿದ. ಹೆಂಟೆ ಸಿಕ್ಕಲ್ಲಿ ಪುಡಿಮಾಡಿದ. ಆಮೇಲೆ ಚೀಲದಿಂದ ಹಾರ ತೆಗೆದು ಅವಳ ಕಡೆ ನೋಡಿದ. ಅವಳು ಬೇಡ ಅನ್ನಲಿಲ್ಲ.

ಗೇಟಿನ ಬಳಿ ಒಂದು ಹಳೆಯ ಹಿತ್ತಾಳೆ ನಳವಿತ್ತು. ಎಲ್ಲರೂ ಕೈ ತೊಳೆದುಕೊಂಡು ವ್ಯಾನಿನ ಕಡೆ ಹೋದ ಮೇಲೆ ಗುರುಪಾದ ಅಲ್ಲಿಗೆ ಬಂದ. ಯಾರೋ ಬಲವಾಗಿ ತಿರುವಿ ಬಂದ್ ಮಾಡಿಹೋಗಿದ್ದರು. ಅವನ ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆದಿದ್ದವು. ಮಣ್ಣು, ರಕ್ತ ಎರಡೂ ಕಲೆತಿದ್ದವು. ಎರಡು ಸಲ ತಿರುವಿ ನೋಡಿದ, ಹಿಡಿತ ಸಿಗಲಿಲ್ಲ. ಜೀವನವಿಡೀ ನಳದ ಕೆಲಸ ಮಾಡಿದವನು ನಳದ ಮುಂದೆ ಸುಮ್ಮನೆ ನಿಂತ.

ಸುಂದ್ರವ್ವ ವ್ಯಾನಿನ ಮೆಟ್ಟಿಲಿನಿಂದ ಇಳಿದು ಬಂದಳು. ಅವನ ಮುಖ ನೋಡದೆ ನಳಕ್ಕೆ ಕೈ ಹಾಕಿದಳು, ಕಾಲು ಸುತ್ತು ತಿರುವಿದಳು. ದಾರದಷ್ಟು ಸಣ್ಣಗೆ ನೀರು ಬಂತು. ಅವನು ಅದರ ಕೆಳಗೆ ಅಂಗೈ ಒಡ್ಡಿದ. ಮಣ್ಣು ಬಿಡಲು ಬಹಳ ಹೊತ್ತು ಹಿಡಿಯಿತು. ಅವಳು ಹೆಚ್ಚು ಬಿಡಲಿಲ್ಲ, ಬಂದ್ ಮಾಡಲೂ ಇಲ್ಲ. ನಳದ ಮೇಲಿನ ಕೈ ತೆಗೆಯದೆ, ಅವನು ಎರಡೂ ಕೈ ತೊಳೆಯುವ ತನಕ ಅಲ್ಲೇ ನಿಂತಿದ್ದಳು.